ಕಿವಿರಮ್ಮನ ಖಾಲಿ ಚೌಕ

ಮೀನಿನ ಮಾರುಕಟ್ಟೆಯಲ್ಲಿ ನನ್ನ ಸೋದರತ್ತೆಯ ಹೆಸರು ಯಾರಿಗೂ ಗೊತ್ತಿಲ್ಲ. ಅಲ್ಲಿ ಅವಳು ಕಿವಿರಮ್ಮ. ಬೆಳಗ್ಗೆ ಏಳಕ್ಕೆ ನೀಲಿ ಬುಟ್ಟಿ ಹಿಡಿದು ಒಳಗೆ ಕಾಲಿಟ್ಟಳೋ ಇಲ್ಲವೋ, ಮೊದಲ ಕಟ್ಟೆಯ ಮೀನಿನ ಹೆಂಗಸು ಉಳಿದವರಿಗೆಲ್ಲ ಕೇಳುವ ಹಾಗೆ ಕೂಗುತ್ತಾಳೆ: "ಕಿವಿರಮ್ಮ ಬಂದ್ರು, ತಲೆಗಳನ್ನ ಎಸೀಬೇಡ್ರೋ!"

ಅತ್ತೆ ಮೀನು ಕೊಳ್ಳುವುದಿಲ್ಲ, ಮೀನಿನ ತಲೆ ಕೊಳ್ಳುತ್ತಾಳೆ. ಒಂದೊಂದನ್ನೂ ಎತ್ತಿ, ಕೆನ್ನೆಯ ಮೇಲಿನ ಮುಚ್ಚಳವನ್ನು ಬೆರಳಿನಿಂದ ಎಬ್ಬಿಸಿ, ಒಳಗೆ ಸಾಲುಸಾಲಾಗಿರುವ ಕೆಂಪು ಕಿವಿರುಗಳನ್ನು ನೋಡಿ, ಮೂಸಿ, ಒಪ್ಪಿಗೆಯಾದರೆ ಬುಟ್ಟಿಗೆ ಹಾಕುತ್ತಾಳೆ. ಮೀನು ಸತ್ತು ಬಹಳ ಹೊತ್ತಾಗಿದ್ದರೆ ಒಳಗಿನ ಹುಳ ಕೆಟ್ಟಿರುತ್ತದೆ. ಬೇರೆಯವರು ಹುಳವಿಲ್ಲದ್ದನ್ನು ಆರಿಸಿಕೊಂಡು ಹೋದರೆ ಇವಳು ಹುಳವಿರುವುದನ್ನು ಆರಿಸಿಕೊಂಡು ಹೋಗುತ್ತಾಳೆ. ಅವಳ ಕೆಳಗಿನ ಮನೆಯವರು ಹನ್ನೆರಡು ವರ್ಷ ಅವಳು ಮಹಡಿಯ ಮೇಲೆ ಬೆಕ್ಕು ಸಾಕಿದ್ದಾಳೆಂದು ನಂಬಿದ್ದರು. ಒಂದು ಬೆಕ್ಕೂ ಕಣ್ಣಿಗೆ ಬೀಳಲಿಲ್ಲ, ಒಂದು ಮ್ಯಾವೂ ಕೇಳಿಸಲಿಲ್ಲ. ಆದರೂ ನಂಬಿಕೆ ಕದಲಲಿಲ್ಲ.

ನಾನು ದರ್ಜಿ. ಅವಳ ಮನೆಯಿಂದ ಮೂರು ಬೀದಿ ಆಚೆ ನನ್ನ ಅಂಗಡಿ. "ಸ್ವಲ್ಪ ಲೂಸ್ ಇರ್ಲಿ" ಎಂದು ಅಳತೆ ಕೊಟ್ಟು, ಮರುವಾರ ಬಂದು "ಇದೇನ್ರೀ ಇಷ್ಟು ಲೂಸು" ಎನ್ನುವವರ ನಡುವೆ ಇಪ್ಪತ್ತು ವರ್ಷ ಕಳೆದಿದ್ದೇನೆ. ಹಾಗಾಗಿ ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಅತ್ತೆಯ ವಿಷಯ ಬರೆಯಲು ಕೂತಾಗಲೂ ಸಿಟ್ಟು ಬರುತ್ತದೆ. ಅದರಲ್ಲಿ ಅರ್ಧ ನನ್ನ ಮೇಲೆಯೇ.

ಅವಳು ಮೂವತ್ತೊಂದು ವರ್ಷ ಮೀನುರೋಗ ಪ್ರಯೋಗಾಲಯದಲ್ಲಿ ಸಹಾಯಕಿಯಾಗಿದ್ದಳು. ಏನು ಕೆಲಸವೆಂದು ಯಾರಾದರೂ ಕೇಳಿದರೆ ನಮ್ಮಪ್ಪ, ಎಂದರೆ ಅವಳ ಅಣ್ಣ, "ಸರ್ಕಾರಿ ಕೆಲಸ" ಎಂದಷ್ಟೇ ಹೇಳಿ ಮಾತು ಬದಲಿಸುತ್ತಿದ್ದರು. ಅವಳಿಗೆ ಮುಚ್ಚುಮರೆ ಗೊತ್ತಿರಲಿಲ್ಲ. ಮದುವೆಯ ಮಾತಿಗೆಂದು ಮನೆಗೆ ಬಂದಿದ್ದ ಒಬ್ಬಾತ ಸೌಜನ್ಯಕ್ಕೆ ಕೇಳಿದ ಒಂದು ಪ್ರಶ್ನೆಗೆ ಅವಳು ಮುಕ್ಕಾಲು ಗಂಟೆ ಉತ್ತರ ಕೊಟ್ಟಳಂತೆ. ಹುಳದ ಬಾಲದಲ್ಲಿ ಎಷ್ಟು ಕೊಕ್ಕೆ, ಅದು ಕಿವಿರನ್ನು ಹೇಗೆ ಕಚ್ಚಿ ಹಿಡಿಯುತ್ತದೆ, ಲೋಳೆ ಹೇಗಿರುತ್ತದೆ, ಎಲ್ಲ. ಆತ ಬಿಸ್ಕತ್ತನ್ನು ತಟ್ಟೆಯಲ್ಲೇ ಬಿಟ್ಟು ಎದ್ದ. ಅಪ್ಪ ತಲೆ ಚಚ್ಚಿಕೊಂಡರು. ಅತ್ತೆ ಆ ಬಿಸ್ಕತ್ತನ್ನು ತಿಂದು ಮರುದಿನ ಕೆಲಸಕ್ಕೆ ಹೋದಳು. ಆಮೇಲೆ ಮದುವೆಯ ಮಾತು ತಾನಾಗಿಯೇ ನಿಂತುಹೋಯಿತು.

ಆ ಕೆಲಸ ಏನೆಂದು ನಾನೇ ಹೇಳಿಬಿಡುತ್ತೇನೆ, ನನಗೆ ಅರ್ಥವಾದಷ್ಟು. ಕೆರೆ ಹೊಳೆಗಳ ಮೀನಿನ ಕಿವಿರಿನಲ್ಲಿ ಸೂಜಿಮೊನೆಯಷ್ಟು ಸಣ್ಣ ಹುಳಗಳು ಸೇರಿಕೊಂಡಿರುತ್ತವೆ. ಒಂದೆರಡಿದ್ದರೆ ಮೀನಿಗೆ ತೊಂದರೆಯಿಲ್ಲ. ನೂರಾರಾದರೆ ಅದು ಉಸಿರು ಕಟ್ಟಿ ಸಾಯುತ್ತದೆ. ಕೊಳದ ಮೀನು ಸಾಯುತ್ತಿದ್ದರೆ ಯಾವ ಹುಳ ಎಂದು ಮೊದಲು ಗೊತ್ತಾಗಬೇಕು. ಗೊತ್ತು ಮಾಡಿಕೊಳ್ಳುವುದು ಅದರ ಬಾಲದ ಕೊಕ್ಕೆಗಳಿಂದ. ಎರಡು ದೊಡ್ಡ ಕೊಕ್ಕೆ, ಅವೆರಡನ್ನೂ ಕೂಡಿಸುವ ಒಂದು ಕಡ್ಡಿ, ಸುತ್ತ ಹದಿನಾಲ್ಕು ಪುಟ್ಟ ಕೊಕ್ಕೆ. ಕೊಕ್ಕೆ ಎಷ್ಟು ಬಾಗಿದೆ, ಕಡ್ಡಿ ನೆಟ್ಟಗಿದೆಯೋ ಬಿಲ್ಲಿನ ಹಾಗಿದೆಯೋ ಎನ್ನುವುದರ ಮೇಲೆ ಜಾತಿ ತೀರ್ಮಾನ. ಅತ್ತೆ ಕಿವಿರನ್ನು ನೀರಿನ ಬಟ್ಟಲಲ್ಲಿ ಬಿಡಿಸಿ, ಸಣ್ಣ ಕುಂಚದಿಂದ ಸವರಿ, ಉದುರಿದ ಹುಳವನ್ನು ಸೂಜಿಯಲ್ಲಿ ಎತ್ತಿ ಗಾಜಿನ ಪಟ್ಟಿಯ ಮೇಲಿನ ಹನಿಯಲ್ಲಿಟ್ಟು, ಅದರ ಮೇಲೆ ಈರುಳ್ಳಿ ಸಿಪ್ಪೆಯಷ್ಟು ತೆಳುವಾದ ಗಾಜನ್ನು ಇಳಿಸುತ್ತಿದ್ದಳು. ಇದಕ್ಕೆ ಸ್ಲೈಡು ಎನ್ನುತ್ತಾರೆ.

ಈ ಮೇಲಿನ ಗಾಜನ್ನು ಒತ್ತಬಾರದು. ಅದು ಆ ಕೆಲಸದ ಮೊದಲ ನಿಯಮ. ಅಂಚಿಗೆ ಒಂದು ಚೂರು ಒತ್ತುಕಾಗದ ತಾಗಿಸಿದರೆ ಅದು ನೀರನ್ನು ಮೆಲ್ಲಗೆ ಹೀರಿಕೊಳ್ಳುತ್ತದೆ, ಗಾಜು ತನ್ನ ಭಾರದಿಂದಲೇ ಹುಳದ ಮೇಲೆ ಕೂರುತ್ತದೆ. ಅದಕ್ಕೆ ಇಪ್ಪತ್ತು ನಿಮಿಷ ಹಿಡಿಯುತ್ತದೆ. ಆಮೇಲೆ ಗ್ಲಿಸರಿನ್ ಬಿಟ್ಟು, ಸುತ್ತ ಉಗುರು ಬಣ್ಣ ಬಳಿದು ಮುಚ್ಚಬೇಕು. ಜೀವಮಾನದಲ್ಲಿ ಒಂದು ದಿನವೂ ಉಗುರಿಗೆ ಬಣ್ಣ ಹಚ್ಚದ ನಮ್ಮತ್ತೆ ತಿಂಗಳಿಗೆ ಎರಡು ಸೀಸೆ ಕೊಳ್ಳುತ್ತಿದ್ದಳು. ಫ್ಯಾನ್ಸಿ ಅಂಗಡಿಯವನು "ಯಾವ ಕಲರ್ ಮೇಡಂ?" ಎಂದರೆ "ಯಾವ್ದು ಬೇಗ ಒಣಗುತ್ತೋ ಅದು" ಎನ್ನುತ್ತಿದ್ದಳು.

ಆ ಇಪ್ಪತ್ತು ನಿಮಿಷ ಕೈಕಟ್ಟಿ ಕೂರಬೇಕು. ಬೇರೆ ಕೆಲಸಕ್ಕೆ ಎದ್ದರೆ ಕಾಗದ ಹೆಚ್ಚು ಹೀರಿ ಹುಳ ಒಣಗುತ್ತದೆ. ಆಗ ಮೇಜಿನ ಆಚೆ ಕಡೆ ಅವಳ ಜೊತೆಗಾರ್ತಿ ಇರುತ್ತಿದ್ದಳು. ದಪ್ಪ ಕನ್ನಡಕದಿಂದಾಗಿ ಅತ್ತೆ ಅವಳನ್ನು ಸೋಡಾಬುಡ್ಡಿ ಎಂದು ಕರೆಯುತ್ತಿದ್ದಳು. ಇಬ್ಬರೂ ಸೇರಿ ದಿನಕ್ಕೆ ಐದಾರು ಸಲ ಇಪ್ಪತ್ತು ನಿಮಿಷ ಮಾತಾಡುತ್ತಿದ್ದರು. ಸೋಡಾಬುಡ್ಡಿಗೆ ಗಂಡನ ತಾಯಿಯ ಕಾಟ, ಆ ಗಂಡನ ಗೊರಕೆ, ಮೇಲಧಿಕಾರಿಯ ವಿಗ್ಗು, ಎಲ್ಲವೂ ಆ ಮೇಜಿನ ಮೇಲೆ ಹಾದುಹೋಗುತ್ತಿದ್ದವು. ನಮ್ಮ ಮನೆಯಲ್ಲಿ ಬಾಯಿ ಬಿಡದ ಅತ್ತೆ ಅಲ್ಲಿ ಮಾತಿನ ಮಲ್ಲಿಯಾಗಿದ್ದಳಂತೆ. ಇದನ್ನು ನನಗೆ ಹೇಳಿದ್ದು ಸೋಡಾಬುಡ್ಡಿಯೇ, ಅಪ್ಪ ತೀರಿಕೊಂಡಾಗ ಮನೆಗೆ ಬಂದಿದ್ದಾಗ. ನಾನು ನಂಬಲಿಲ್ಲ.

ಸ್ಲೈಡಿನ ಒಂದು ತುದಿಗೆ ಚೀಟಿ ಅಂಟಿಸಿರುತ್ತಾರೆ. ಅದರಲ್ಲಿ ತಾರೀಕು, ಮೀನು, ಕೆರೆ, ಕೆಳಗೆ ಎರಡು ಪುಟ್ಟ ಚೌಕ. ಒಂದು ಚೌಕ ಮಾಡಿದವರಿಗೆ, ಇನ್ನೊಂದು ನೋಡಿದವರಿಗೆ. ಒಬ್ಬರು ಮಾಡಿದ್ದನ್ನು ಇನ್ನೊಬ್ಬರು ಸೂಕ್ಷ್ಮದರ್ಶಕದಲ್ಲಿ ನೋಡಿ, ಸರಿಯಿದ್ದರೆ ತಮ್ಮ ಸಹಿ ಹಾಕಬೇಕು. ಇಪ್ಪತ್ತೆರಡು ವರ್ಷ ಅತ್ತೆಯ ಸ್ಲೈಡುಗಳನ್ನು ಸೋಡಾಬುಡ್ಡಿ ನೋಡಿದಳು, ಸೋಡಾಬುಡ್ಡಿಯವನ್ನು ಅತ್ತೆ ನೋಡಿದಳು. ಆಮೇಲೆ ಸೋಡಾಬುಡ್ಡಿಗೆ ವರ್ಗವಾಯಿತು, ಒಂದು ದಿನದ ರೈಲು ಪ್ರಯಾಣದಷ್ಟು ದೂರ. ಮೊದಲು ವಾರಕ್ಕೊಂದು ಪತ್ರ ಬರುತ್ತಿತ್ತು. ಆಮೇಲೆ ತಿಂಗಳಿಗೊಂದು, ಆಮೇಲೆ ಇಲ್ಲ.

ಅವಳ ಜಾಗಕ್ಕೆ ಬದಲಿ ಬರುತ್ತಾರೆ ಎಂದರು. ಮೇಲಧಿಕಾರಿ, "ಅಲ್ಲಿವರೆಗೆ ಎರಡೂ ಚೌಕಕ್ಕೆ ನೀವೇ ಸಹಿ ಹಾಕ್ಬಿಡಿ, ಯಾರು ಕೇಳ್ತಾರೆ" ಎಂದರಂತೆ.

"ನಾನೇ ಮಾಡಿ ನಾನೇ ನೋಡೋದು ಹೇಗೆ ಸಾರ್?" ಎಂದಳಂತೆ ಅತ್ತೆ.

ಎರಡನೇ ಚೌಕವನ್ನು ಖಾಲಿ ಬಿಡತೊಡಗಿದಳು. ಬದಲಿ ಬರಲಿಲ್ಲ. ಒಂಬತ್ತು ವರ್ಷ ಬರಲಿಲ್ಲ. ಅವಳ ನಿವೃತ್ತಿಯವರೆಗೂ ಆ ಮೇಜಿನ ಆಚೆಗಿದ್ದ ಕುರ್ಚಿ ಖಾಲಿಯೇ ಇತ್ತು. ಅದರ ಮೇಲೆ ಯಾರೋ ಹಳೆಯ ಫೈಲುಗಳನ್ನು ಪೇರಿಸಿಟ್ಟಿದ್ದರಂತೆ. ಅತ್ತೆ ತಿಂಗಳಿಗೊಮ್ಮೆ ಅವನ್ನು ಎತ್ತಿ ನೆಲದ ಮೇಲಿಡುತ್ತಿದ್ದಳು. ಯಾರೋ ಮತ್ತೆ ಕುರ್ಚಿಯ ಮೇಲಿಡುತ್ತಿದ್ದರು.

ಆ ದಿನಗಳಲ್ಲಿ ಅವಳು ನನ್ನನ್ನು ಕರೆದಿದ್ದಳು. ಒಂದು ಸಲ ಅಲ್ಲ, ಮೂರ್ನಾಲ್ಕು ಸಲ. ಪರದೆ ಹೊಲಿಸಲು ಬಂದವಳು ಅಂಗಡಿಯ ಬಾಗಿಲಲ್ಲೇ ನಿಂತು, "ಒಂದು ಭಾನುವಾರ ಬಾರೋ, ಒಳಗೆ ಬಿಡ್ತಾರೆ, ನಾನು ಮಾಡಿರೋ ಸ್ಲೈಡು ನೋಡೀಯಂತೆ" ಎಂದಳು. ಹನ್ನೆರಡು ವರ್ಷದವನಿದ್ದಾಗ ಒಮ್ಮೆ ಅಲ್ಲಿಗೆ ಹೋಗಿ ವಾಂತಿ ಮಾಡಿಕೊಂಡಿದ್ದೆ. ಅದನ್ನೇ ನೆಪ ಮಾಡಿದೆ.

"ಹುಳ ಗಿಳ ಎಲ್ಲ ನಂಗಾಗಲ್ಲ ಅತ್ತೆ. ಈಗ ಮದುವೆ ಬಟ್ಟೆ ಬೇರೆ ರಾಶಿ ಬಿದ್ದಿದೆ."

"ಹೂಂ, ಆಯ್ತು ಬಿಡು" ಎಂದು ಅವಳು ಹೋದಳು. ಮದುವೆ ಬಟ್ಟೆಗಳು ಮುಗಿದವು, ಶಾಲೆಯ ಸಮವಸ್ತ್ರಗಳು ಬಂದವು, ಅವೂ ಮುಗಿದವು. ನಾನು ಹೋಗಲಿಲ್ಲ.

ಸೋಡಾಬುಡ್ಡಿ ಹೋದ ಮರುವರ್ಷವೇ ಅವಳಿಗೆ ಆ ಹೊಸ ಹುಳ ಸಿಕ್ಕಿತ್ತು. ಮಾರುಕಟ್ಟೆಗೆ ಆಗತಾನೇ ಹೊಸ ಕೆರೆಯೊಂದರಿಂದ ಪರಿಚಿತ ಜಾತಿಯದೇ ಒಂದು ಮೀನು ಬರಲು ಶುರುವಾಗಿತ್ತು. ಪ್ರಯೋಗಾಲಯದ ಜೀಪು ಓಡಿದ್ದಕ್ಕಿಂತ ಕೆಟ್ಟು ನಿಂತಿದ್ದೇ ಹೆಚ್ಚಾದ್ದರಿಂದ ಅತ್ತೆಯ ಮೀನೆಲ್ಲ ಮಾರುಕಟ್ಟೆಯದ್ದೇ. ಆ ಮೀನಿನ ಕಿವಿರಿನಲ್ಲಿ ಸಾಮಾನ್ಯವಾಗಿ ಇರುವ ಹುಳದ ಕಡ್ಡಿ ಬಿಲ್ಲಿನ ಹಾಗೆ ಬಾಗಿರುತ್ತದೆ, ಕೊಕ್ಕೆಗಳು ಒಳಮುಖವಾಗಿರುತ್ತವೆ. ಇವಳಿಗೆ ಸಿಕ್ಕಿದ್ದರಲ್ಲಿ ಕಡ್ಡಿ ನೆಟ್ಟಗಿತ್ತು, ಕೊಕ್ಕೆಗಳು ಹೊರಕ್ಕೆ ಚಾಚಿದ್ದವು. ಯಾವ ಪುಸ್ತಕದಲ್ಲೂ ಅಂಥದ್ದು ಇರಲಿಲ್ಲ. ಎಂಟು ವರ್ಷ ಅವಳು ಬಾಯಿ ಬಿಡದೆ ಅಂಥ ಹುಳಗಳನ್ನು ಕೂಡಿಟ್ಟಳು. ಅರವತ್ತನಾಲ್ಕು ಸ್ಲೈಡು. ಪ್ರತಿಯೊಂದರ ಚಿತ್ರ ಬರೆದು, ಅಳತೆ ಬರೆದು, ನಿವೃತ್ತಿಗೆ ನಾಲ್ಕು ತಿಂಗಳಿರುವಾಗ ಎಲ್ಲಕ್ಕಿಂತ ಸ್ಪಷ್ಟವಾದ ನಾಲ್ಕು ಸ್ಲೈಡುಗಳ ಜೊತೆ ದೂರದ ಪಂಡಿತರೊಬ್ಬರಿಗೆ ಕಳಿಸಿದಳು. ಈ ಹುಳಗಳ ವಿಷಯದಲ್ಲಿ ಅವರದ್ದೇ ಕೊನೆಯ ಮಾತಂತೆ.

ನಿವೃತ್ತಿಯ ದಿನ ಅವಳಿಗೆ ಒಂದು ಗೋಡೆ ಗಡಿಯಾರ ಕೊಟ್ಟರು. ಅವಳು ಬಾಯಿ ಬಿಟ್ಟು ಕೇಳಿದ್ದಕ್ಕೆ, ಯಾರೂ ಬಳಸದ ಹಳೆಯ ಸೂಕ್ಷ್ಮದರ್ಶಕವನ್ನೂ ಕೊಟ್ಟರು. ಎರಡನ್ನೂ ನಾನೇ ಗಾಡಿಯಲ್ಲಿ ತಂದು ಮಹಡಿ ಹತ್ತಿಸಿದೆ. ಎರಡು ಕೋಣೆಯ ಮನೆ. ಒಂದು ಮಂಚ, ಒಂದು ಕುರ್ಚಿ, ಗೋಡೆಗೆ ತಾಗಿಸಿದ ಮೇಜು, ಕಿಟಕಿಯಲ್ಲಿ ಉಗುರು ಬಣ್ಣದ ಸೀಸೆಗಳ ಸಾಲು. ಬಂದವರಿಗೆಂದು ಎರಡನೇ ಕುರ್ಚಿ ಇರಲಿಲ್ಲ. ಅಷ್ಟು ವರ್ಷ ಅದು ನನ್ನ ಗಮನಕ್ಕೇ ಬಂದಿರಲಿಲ್ಲ, ನಾನು ಯಾವತ್ತೂ ಕೂರುವಷ್ಟು ಹೊತ್ತು ನಿಂತವನಲ್ಲ.

ಎರಡು ವಾರ ಕಳೆದು ಪಂಡಿತರ ಪತ್ರ ಬಂತು. ಅತ್ತೆ ಅದನ್ನು ಹಿಡಿದು ಅಂಗಡಿಗೇ ಬಂದಳು. ಮೂವತ್ತೊಂದು ವರ್ಷದಲ್ಲಿ ಅವಳು ಬೀದಿಯಲ್ಲಿ ಅಷ್ಟು ವೇಗವಾಗಿ ನಡೆದದ್ದನ್ನು ನಾನು ನೋಡಿರಲಿಲ್ಲ. ಹುಳ ಹೊಸದೇ ಎಂದು ಅವರು ಬರೆದಿದ್ದರು. ಇಷ್ಟು ಚೊಕ್ಕವಾಗಿ ಹರಡಿಕೊಂಡ ಹುಳವನ್ನು ತಾನು ಕಂಡೇ ಇಲ್ಲ ಎಂದು ಹೊಗಳಿದ್ದರು. ಲೇಖನ ಎರಡು ತಿಂಗಳಲ್ಲಿ ಅಚ್ಚಾಗುತ್ತದೆ, ಹುಳಕ್ಕೆ ಅತ್ತೆಯ ಹೆಸರನ್ನೇ ಇಡುವುದೆಂದು ತೀರ್ಮಾನಿಸಿದ್ದೇನೆ, ಅಭ್ಯಂತರವಿಲ್ಲ ತಾನೇ, ಎಂದು ಕೇಳಿದ್ದರು.

"ನನ್ನ ಹೆಸರು ಕಣೋ" ಎಂದಳು. "ನಾನು ಹೋದ್ಮೇಲೂ ಇರುತ್ತೆ. ಪುಸ್ತಕದಲ್ಲಿ."

ಹೊಲಿಗೆ ಯಂತ್ರದ ಮೇಲೆ ಕೈಯಿಟ್ಟು ನಿಂತಿದ್ದಳು. ನಾನು ತಮಾಷೆ ಮಾಡಿದೆ. "ನೋಡು, ಮಕ್ಕಳಿಗೆ ಹೆಸರಿಡ್ತಾರೆ, ನಿಂಗೆ ಹುಳಕ್ಕಿಟ್ರು." ಅವಳು ನಕ್ಕಳು. ಅಷ್ಟು ಚೆನ್ನಾಗಿ ನಗುತ್ತಾಳೆಂದು ನನಗೆ ಗೊತ್ತಿರಲಿಲ್ಲ. "ಈಗಾದ್ರೂ ಬಂದು ನೋಡ್ತೀಯಾ? ಮನೇಲೇ ಇದೆ, ವಾಸನೆ ಇಲ್ಲ" ಎಂದಳು. ಈ ಸಲ ನೆಪ ಹೇಳಲು ನನಗೆ ಮುಖವಿರಲಿಲ್ಲ.

ಆ ಭಾನುವಾರ ಮಧ್ಯಾಹ್ನ ಹೋದೆ. ಕೆಳಗಿನ ಮನೆಯಿಂದ ಒಂದು ಕುರ್ಚಿ ಕೇಳಿ ತಂದಿಟ್ಟಿದ್ದಳು. ಸೂಕ್ಷ್ಮದರ್ಶಕವನ್ನು ಕಿಟಕಿಯ ಬೆಳಕಿಗೆ ತಿರುಗಿಸಿ, ಮೊದಲು ಒಂದು ಹಳೆಯ ಸ್ಲೈಡು ಇಟ್ಟಳು. ಅದರ ಎರಡೂ ಚೌಕಗಳಲ್ಲಿ ಸಹಿ ಇತ್ತು.

"ಏನ್ ಕಾಣ್ತಿದೆ?"

"ಎರಡು ಕೊಕ್ಕೆ. ಮಧ್ಯೆ ಒಂದು ಕಡ್ಡಿ. ಬಾಗಿದೆ."

"ಸರಿ. ಅದು ಮಾಮೂಲಿ ಹುಳ. ಈಗ ನನ್ನ ಹುಳ ನೋಡು."

ಅದನ್ನು ತೆಗೆದು ಇನ್ನೊಂದನ್ನು ಇಟ್ಟಳು. ನಾನು ಕಣ್ಣಿಟ್ಟೆ. ನೋಡುತ್ತಲೇ ನನಗೆ ನಮ್ಮಂಗಡಿಯಲ್ಲಿ ಹೊಸದಾಗಿ ಸೇರಿದವರು ಮಾಡುವ ತಪ್ಪು ನೆನಪಾಯಿತು. ಕಾಲರು ಬಾಗಿಯೇ ಇರಬೇಕು, ಕತ್ತಿನ ಸುತ್ತ ಕೂರುವುದಲ್ಲವೇ? ತಿಳಿಯದವರು ಅದನ್ನು ಹಲಗೆಯ ಮೇಲೆ ಹಾಸಿ ಮೈಭಾರ ಹಾಕಿ ಇಸ್ತ್ರಿ ಉಜ್ಜುತ್ತಾರೆ. ಕಾಲರು ನೆಟ್ಟಗಾಗಿ ತುದಿಗಳು ಆಚೀಚೆ ಚಾಚಿಕೊಳ್ಳುತ್ತವೆ, ಅಂಚಿನ ಹೊಲಿಗೆ ಅಲ್ಲಲ್ಲಿ ಬಿಡುತ್ತದೆ. ಇಲ್ಲೂ ಹುಳದ ಮೈಯಂಚು ಎರಡು ಕಡೆ ಬಿಟ್ಟು ಒಳಗಿನ ಕಾಳುಕಾಳು ಹೊರಬಂದಿತ್ತು. ನಾನು ಯೋಚಿಸದೆ ಅಂದುಬಿಟ್ಟೆ.

"ಅತ್ತೆ, ಇದೂ ಅದೇ ಅಲ್ವಾ? ಇಸ್ತ್ರಿ ಜಾಸ್ತಿಯಾಗಿದೆ ಅಷ್ಟೆ."

ತಲೆಯೆತ್ತಿ ನೋಡಿದೆ. ಟೀ ಲೋಟ ಹಿಡಿದು ನನ್ನ ಹಿಂದೆ ನಿಂತಿದ್ದಳು.

"ಇನ್ನೊಂದ್ಸಲ ಹೇಳು."

"ನಂಗೇನು ಗೊತ್ತು ಅತ್ತೆ, ಸುಮ್ನೆ ಅಂದೆ. ಒತ್ತಿ ಅಪ್ಪಚ್ಚಿ ಮಾಡಿದ ಹಾಗೆ ಕಾಣ್ತು."

ಲೋಟವನ್ನು ನನ್ನ ಕೈಗೆ ಕೊಟ್ಟು ತಾನು ಬಗ್ಗಿ ನೋಡಿದಳು. ಬಹಳ ಹೊತ್ತು ನೋಡಿದಳು. ಟೀ ಮುಗಿಯಿತು, ಲೋಟ ತೊಳೆದಿಟ್ಟೆ, ಅವಳು ತಲೆ ಎತ್ತಲಿಲ್ಲ. "ಹೋಗ್ಬಿಟ್ಟು ಬರ್ತೀನಿ" ಎಂದೆ. ಮೆಟ್ಟಿಲಿಳಿಯುವಾಗ ನನ್ನ ಬಾಯಿಗೆ ಬೆಂಕಿ ಬೀಳಲಿ ಎಂದುಕೊಂಡೆ.

ಎಂಟು ದಿನ ಅವಳ ಸುದ್ದಿಯಿಲ್ಲ. ಮಾರುಕಟ್ಟೆಯಲ್ಲಿ ಕೇಳಿದರೆ ಮೀನಿನ ಹೆಂಗಸು, "ದಿನಾ ಬರ್ತಾರಪ್ಪ, ಆದ್ರೆ ಮಾತೇ ಇಲ್ಲ. ಮನೇಲಿ ಯಾರಾದ್ರೂ ಹುಷಾರಿಲ್ವಾ?" ಎಂದು ನನ್ನನ್ನೇ ಕೇಳಿದಳು. ಒಂಬತ್ತನೆಯ ದಿನ ಅಂಗಡಿ ಮುಚ್ಚಿ ಹೋದೆ. ಬಾಗಿಲು ತೆರೆದೇ ಇತ್ತು. ಮೇಜಿನ ಮೇಲೆ ನಲವತ್ತು ಸ್ಲೈಡುಗಳನ್ನು ಎರಡು ಸಾಲಾಗಿ ಜೋಡಿಸಿದ್ದಳು.

"ಒಂದೇ ಮೀನು, ಒಂದೇ ಕಿವಿರು" ಎಂದಳು, ಪಾಠ ಒಪ್ಪಿಸುವವಳ ಹಾಗೆ. "ಈ ಇಪ್ಪತ್ತು, ಒತ್ತದೆ ಮಾಡಿದ್ದು. ಇಪ್ಪತ್ತೂ ಮಾಮೂಲಿ ಹುಳ. ಈ ಇಪ್ಪತ್ತು, ಹೆಬ್ಬೆರಳಿಂದ ಒತ್ತಿದ್ದು. ಇದ್ರಲ್ಲಿ ಹದಿನೇಳು ನನ್ನ ಹುಳ."

ನನಗೆ ಅರ್ಥವಾಯಿತು. ಅರ್ಥವಾಗದಿದ್ದರೆ ಚೆನ್ನಾಗಿತ್ತು.

"ಬೇರೆ ಮೀನುಗಳ ಹುಳಕ್ಕೆ ಕಡ್ಡಿ ಮೊದ್ಲೇ ನೆಟ್ಟಗಿರುತ್ತೆ. ಅದಕ್ಕೇ ಅವುಗಳಲ್ಲಿ ಗೊತ್ತಾಗ್ಲಿಲ್ಲ. ಅಂಥ ಹುಳ ಇಲ್ಲ ಕಣೋ. ಇದ್ದಿದ್ದು ನನ್ನ ಬೆರಳು."

"ಒತ್ತಬಾರದು ಅಂತ ನೀನೇ ಹೇಳ್ತಿದ್ದೆ. ಯಾವಾಗಿಂದ ಒತ್ತೋಕೆ ಶುರು ಮಾಡ್ದೆ?"

"ಸೋಡಾಬುಡ್ಡಿ ಹೋದ್ಮೇಲೆ."

"ಯಾಕೆ?"

ಅವಳು ಮಂಚದ ತುದಿಯಲ್ಲಿ ಕೂತಳು. "ಇಪ್ಪತ್ತು ನಿಮಿಷ ಕಣೋ. ಮೊದಲೆಲ್ಲ ಅದು ಹೇಗೆ ಹೋಗ್ತಿತ್ತೋ ಗೊತ್ತೇ ಆಗ್ತಿರ್ಲಿಲ್ಲ. ಅವಳು ಹೋದ್ಮೇಲೆ ಎದುರಿಗೆ ಆ ಕುರ್ಚಿ. ಎಷ್ಟೂಂತ ನೋಡ್ಲಿ? ದಿನಕ್ಕೆ ಐದು ಸಲ, ಆರು ಸಲ. ಒಂದಿನ ತಡೀಲಾರ್ದೆ ಹೆಬ್ಬೆರಳಿಂದ ಹೀಗೆ ಒತ್ತಿಬಿಟ್ಟೆ. ಅರ್ಧ ನಿಮಿಷದಲ್ಲಿ ನೀರೆಲ್ಲ ಹೊರಗೆ ಬಂತು. ಹುಳ ಚೆನ್ನಾಗೇ ಹರಡ್ಕೊಂಡಿತ್ತು. ಆಮೇಲೆ ಅದೇ ಅಭ್ಯಾಸ ಆಯ್ತು. ಎಲ್ಲವನ್ನೂ ಒತ್ತುತ್ತಿರ್ಲಿಲ್ಲ. ಕೂರಕ್ಕಾಗದೇ ಇದ್ದಾಗ ಮಾತ್ರ."

ನನಗೆ ಅಳು ಬಂತು. ನನ್ನ ಮನೆತನದಲ್ಲಿ ಗಂಡಸರಿಗೆ ಅಳು ಬಂದರೆ ಅದು ಸಿಟ್ಟಾಗಿಯೇ ಹೊರಬೀಳುವುದು. ನಾನು ಕೂಗಾಡಿದೆ. "ಈಗೇನು, ಇದನ್ನ ಊರಿಗೆಲ್ಲ ಡಂಗುರ ಹೊಡೀತೀಯಾ? ಪಂಡಿತರೇ ಒಪ್ಕೊಂಡಿದ್ದಾರೆ. ಈ ಹುಳದ ಲೇಖನ ಓದೋರು ಲೋಕದಲ್ಲೆಲ್ಲ ಸೇರಿಸಿದ್ರೆ ಹತ್ತು ಜನ. ಯಾರಿಗೆ ಗೊತ್ತಾಗುತ್ತೆ? ಸುಮ್ನೆ ಇದ್ಬಿಡು ಅತ್ತೆ. ಒಂದೇ ಒಂದು ಸಲ ನಿನ್ನ ಹೆಸ್ರು ಅಚ್ಚಾಗ್ಲಿ ಬಿಡು."

"ಆ ಹತ್ತು ಜನರಲ್ಲಿ ಒಬ್ಬ ಅದನ್ನ ಓದಿ, ಇದೇ ಹುಳ ಹುಡುಕ್ಕೊಂಡು ಕೂತ್ಕೋತಾನೆ" ಎಂದಳು ಅತ್ತೆ. "ವರ್ಷಗಟ್ಟಲೆ ಕಿವಿರು ಬಿಡಿಸ್ತಾನೆ. ಸಿಗಲ್ಲ. ತನಗೇ ಕೆಲಸ ಬರಲ್ಲ ಅಂದ್ಕೋತಾನೆ. ಅವನೂ ಒಬ್ಬನೇ ಕೂತಿರ್ತಾನೋ ಏನೋ."

ಪತ್ರ ಆಗಲೇ ಬರೆದಿಟ್ಟಿದ್ದಳು, ಮೇಜಿನ ಮೇಲೆ ಗಡಿಯಾರದ ಡಬ್ಬಿಯ ಕೆಳಗಿತ್ತು. ಆ ಗಡಿಯಾರವನ್ನು ಅವಳು ಗೋಡೆಗೆ ಹಾಕಿಯೇ ಇರಲಿಲ್ಲ. ಪತ್ರದಲ್ಲಿ ನಾಲ್ಕೇ ಸಾಲು: ಹುಳ ಹೊಸದಲ್ಲ, ಸ್ಲೈಡುಗಳನ್ನು ಒತ್ತಿದ್ದರಿಂದ ಹಾಗೆ ಕಂಡಿದೆ ಎಂದು ಎರಡೂ ಬಗೆ ಮಾಡಿ ನೋಡಿ ತಿಳಿದುಕೊಂಡೆ, ತಪ್ಪು ನನ್ನದು, ದಯವಿಟ್ಟು ಲೇಖನ ನಿಲ್ಲಿಸಿ. ಇಪ್ಪತ್ತು ನಿಮಿಷದ ವಿಷಯವನ್ನು ಅದರಲ್ಲಿ ಬರೆದಿರಲಿಲ್ಲ.

ಮರುದಿನ ಇಬ್ಬರೂ ಅಂಚೆ ಕಚೇರಿಗೆ ಹೋದೆವು. ಡಬ್ಬಿಯ ಬಾಯಿಯಲ್ಲಿ ಪತ್ರವನ್ನು ಅರ್ಧ ತೂರಿಸಿ ಅವಳು ಸ್ವಲ್ಪ ಹೊತ್ತು ಹಿಡಿದೇ ನಿಂತಳು. ಹಿಂದೆ ನಿಂತಿದ್ದವರು "ಅಮ್ಮಾ, ಆಯ್ತಾ?" ಎಂದರು. "ಆಯ್ತು" ಎಂದು ಕೈ ಬಿಟ್ಟಳು.

ಪಂಡಿತರ ಉತ್ತರ ಬೇಗ ಬಂತು. ಲೇಖನ ನಿಲ್ಲಿಸಿದ್ದೇನೆ, ನಾನೂ ಗಮನಿಸಬೇಕಿತ್ತು, ಪರೀಕ್ಷೆಗೆಂದು ಮಾಡಿದ ಎರಡೂ ಬಗೆಯ ಸ್ಲೈಡುಗಳನ್ನು ಕಳಿಸಿದರೆ ಕಲಿಯುವವರಿಗೆ ತೋರಿಸುತ್ತೇನೆ, ಎಂದಿದ್ದರು. ಹೊಗಳಿಕೆ ಇರಲಿಲ್ಲ, ಬೈಗುಳವೂ ಇರಲಿಲ್ಲ. ಅತ್ತೆ ಅದನ್ನು ಓದಿ ಮಡಚಿಟ್ಟಳು. ಆ ಸಂಜೆ ಅವಳು ಊಟ ಮಾಡಲಿಲ್ಲ, ನಾನು ಬಲವಂತ ಮಾಡಿದರೂ ತಟ್ಟೆ ಮುಟ್ಟಲಿಲ್ಲ. ಮಂಚದ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದಳು. ಅವಳ ಬೆನ್ನು ಅಷ್ಟು ಸಣ್ಣದೆಂದು, ಅವಳಿಗೆಂದೇ ಎಷ್ಟೋ ರವಿಕೆ ಹೊಲಿದ ನನಗೆ, ಆವತ್ತೇ ಗೊತ್ತಾಗಿದ್ದು.

ಮುಂದಿನ ಭಾನುವಾರ ನಾನೇ ಹೋದೆ, ಕರೆಯದೆ. ನನ್ನ ಅಂಗಡಿಯ ಕುರ್ಚಿಯೊಂದನ್ನು ಗಾಡಿಗೆ ಕಟ್ಟಿಕೊಂಡು ಹೋದೆ. ಅತ್ತೆ ಮೇಜಿನ ಮುಂದೆ ಕೂತಿದ್ದಳು, ಎದುರಿಗೆ ಬಟ್ಟಲು, ಕುಂಚ, ಸೂಜಿ.

"ಅವರಿಗೆ ಕಳಿಸೋಕೆ ಇನ್ನೊಂದು ಬೇಕಿತ್ತು" ಎಂದಳು. "ಒಂದು ಒಡೆದುಹೋಯ್ತು."

ಮೇಜನ್ನು ಗೋಡೆಯಿಂದ ಮೆಲ್ಲಗೆ ಈಚೆಗೆ ಎಳೆದು, ಕುರ್ಚಿಯನ್ನು ಅದರ ಆಚೆ ಕಡೆ ಹಾಕಿಕೊಂಡು ಕೂತೆ. ಅವಳು ಕುರ್ಚಿಯನ್ನು ನೋಡಿದಳು. ಹುಳವನ್ನು ಎತ್ತಿ ಹನಿಯಲ್ಲಿಟ್ಟಳು, ಗಾಜು ಇಳಿಸಿದಳು, ಅಂಚಿಗೆ ಕಾಗದ ತಾಗಿಸಿದಳು. ಆಮೇಲೆ ಎರಡೂ ಕೈಗಳನ್ನು ಮಡಿಲಲ್ಲಿಟ್ಟುಕೊಂಡಳು.

"ಇಪ್ಪತ್ತು ನಿಮಿಷ" ಎಂದಳು. "ಏನಾದ್ರೂ ಮಾತಾಡು."

ಇಡೀ ದಿನ ಗಿರಾಕಿಗಳ ತಲೆ ತಿನ್ನುವ ನನಗೆ ಒಂದು ಮಾತೂ ಹೊಳೆಯಲಿಲ್ಲ. ನಲವತ್ತೆರಡು ವರ್ಷದಿಂದ ಗೊತ್ತಿರುವ ಹೆಂಗಸು ಎದುರಿಗೆ ಕೂತಿದ್ದಳು, ಅವಳಿಗೆ ಏನು ಇಷ್ಟ, ಏನು ಕೇಳಿದರೆ ನಗುತ್ತಾಳೆ, ನನಗೆ ಗೊತ್ತಿರಲಿಲ್ಲ. ಕಾಗದ ಅಂಚಿನಿಂದ ಒಂದು ಕೂದಲೆಳೆಯಷ್ಟು ಒದ್ದೆಯಾಯಿತು. ಒಂದು ನಿಮಿಷವೂ ಆಗಿರಲಿಲ್ಲ, ನನಗೆ ಎದ್ದು ಹೋಗಬೇಕೆನಿಸಿತು. ನನ್ನ ಹೆಬ್ಬೆರಳು ತಾನಾಗಿ ಆ ಗಾಜಿನ ಕಡೆಗೆ ಹೋದ ಹಾಗಾಯಿತು. ಇದನ್ನು ಅವಳು ಒಂಬತ್ತು ವರ್ಷ ತಡೆದುಕೊಂಡಿದ್ದಳು.

ಕೊನೆಗೆ ನಾನು, "ಆ ಮೇಲಧಿಕಾರಿ ವಿಗ್ಗು ಹಾಕ್ತಿದ್ರಂತಲ್ಲ, ನಿಜವಾ?" ಎಂದೆ.

ಅತ್ತೆಯ ಮುಖ ಅರಳಿತು. "ಯಾರ್ ಹೇಳಿದ್ರು ನಿಂಗೆ?" ಎಂದವಳು, ಅದು ಒಂದು ದಿನ ಫ್ಯಾನಿನ ಗಾಳಿಗೆ ಹಾರಿ ಮೀನಿನ ತೊಟ್ಟಿಯಲ್ಲಿ ಬಿದ್ದ ಕಥೆಯನ್ನು ಶುರು ಮಾಡಿದಳು. ಸೋಡಾಬುಡ್ಡಿ ಅದನ್ನು ಬಲೆಯಲ್ಲಿ ಎತ್ತಿ, ಇದು ಯಾವ ಜಾತಿ ಎಂದು ಕೇಳಿದ್ದಳಂತೆ. ಕಥೆ ಮುಗಿಯುವ ಹೊತ್ತಿಗೆ ಇಪ್ಪತ್ತೆರಡು ನಿಮಿಷ ಆಗಿಹೋಗಿತ್ತು. "ಅಯ್ಯೋ" ಎಂದು ಕಾಗದ ಎಳೆದು ಗ್ಲಿಸರಿನ್ ಬಿಟ್ಟಳು.

ಸ್ಲೈಡನ್ನು ನನ್ನ ಮುಂದಿಟ್ಟಳು. ನೋಡಿದೆ. ಕಡ್ಡಿ ಬಿಲ್ಲಿನ ಹಾಗೆ ಬಾಗಿತ್ತು, ಕೊಕ್ಕೆಗಳು ಒಳಮುಖವಾಗಿದ್ದವು, ಮೈಯಂಚು ಎಲ್ಲೂ ಬಿಟ್ಟಿರಲಿಲ್ಲ. ಎಲ್ಲ ಕೆರೆಗಳಲ್ಲೂ ಸಿಗುವ, ನೂರು ವರ್ಷದಿಂದ ಎಲ್ಲರಿಗೂ ಗೊತ್ತಿರುವ ಮಾಮೂಲಿ ಹುಳ. ಅವಳು ಚೀಟಿ ಅಂಟಿಸಿ, ಮೊದಲ ಚೌಕದಲ್ಲಿ ತನ್ನ ಸಹಿ ಹಾಕಿ, ಪೆನ್ನನ್ನು ನನ್ನ ಕಡೆ ತಳ್ಳಿದಳು.

"ನಂಗೇನು ಗೊತ್ತು ಅತ್ತೆ, ನಾನು ಟೈಲರು."

"ನೋಡಿದ್ಯೋ ಇಲ್ವೋ?"

"ನೋಡ್ದೆ."

"ಮತ್ತೆ? ಹಾಕು."

ಹಾಕಿದೆ. ಆ ನಲವತ್ತನ್ನೂ ಒಂದೊಂದಾಗಿ ನೋಡಿ ಹಾಕಿದೆ, ಕಣ್ಣು ಉರಿಯುವವರೆಗೂ. ಆಮೇಲೆ ನನಗೇ ಏನೋ ಹುಮ್ಮಸ್ಸು ಬಂದು, ಮಂಚದ ಕೆಳಗಿದ್ದ ಮರದ ಪೆಟ್ಟಿಗೆಯನ್ನು ಎಳೆದೆ. ಅವಳ ಹುಳದ ಸ್ಲೈಡುಗಳೆಲ್ಲ ಅದರಲ್ಲಿದ್ದವು. ಪಂಡಿತರಿಗೆ ಕಳಿಸಿದ್ದ ನಾಲ್ಕೂ ಹಿಂತಿರುಗಿ ಬಂದು ಸೇರಿಕೊಂಡಿದ್ದವು. ಅರವತ್ತನಾಲ್ಕು ಚೀಟಿ. ಒಂದು ಚೌಕದಲ್ಲಿ ಅವಳ ಸಹಿ, ಪಕ್ಕದ್ದು ಖಾಲಿ.

"ಇವಕ್ಕೂ ಹಾಕ್ಲಾ?" ಎಂದೆ.

ಅತ್ತೆ ಪೆಟ್ಟಿಗೆಯ ಮುಚ್ಚಳ ಹಾಕಿ ಅದನ್ನು ಕಾಲಿನಿಂದ ಮಂಚದ ಕೆಳಕ್ಕೆ ಸರಿಸಿದಳು.

"ಬೇಡ. ಆಗ ಅವನ್ನ ಯಾರೂ ನೋಡಿರ್ಲಿಲ್ಲ. ಹಾಗೇ ಇರ್ಲಿ."